ಆತ್ಮರಕ್ಷಣೆಗೆ ರಿವಾಲ್ವರು: ಆಯ್ಕೆಯ ವಿಚಾರ



ಆಯುಧದ ಮಾತೆತ್ತಿದೊಡನೆ ಕೆಲವರು ಮುಖ ತಿರುಗಿಸುವರು. ಮತ್ತೆ ಕೆಲವರ ಕಣ್ಣು ಅರಳುವುದು. ಈ ಎರಡೂ ಭಾವಗಳನ್ನು ಸ್ವಲ್ಪ ಹೊತ್ತು ಬದಿಗಿರಿಸಿ, ಒಂದು ಯಂತ್ರವನ್ನು ಪರೀಕ್ಷಿಸುವಂತೆ, ಒಂದು ಔಷಧದ ಗುಣದೋಷಗಳನ್ನು ತೂಗುವಂತೆ, ಈ ವಿಷಯವನ್ನು ನೋಡಬೇಕೆಂಬುದು ನನ್ನ ಕೋರಿಕೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಊರುಗಳ ಸೀಮೆಯಲ್ಲಿ ರಿವಾಲ್ವರನ್ನು ಇಟ್ಟುಕೊಳ್ಳಬಯಸುವವರು ಬಹಳ ಮಂದಿಯಿರಲಾರರು. ಆದರೆ ಅಕ್ಕಿಯ ಗಿರಣಿಯನ್ನು ನಡೆಸುವವರು, ಚಿನ್ನಬೆಳ್ಳಿಯ ವ್ಯಾಪಾರಿಗಳು, ಕಲ್ಲುಗಣಿಯ ಗುತ್ತಿಗೆದಾರರು, ಊರಿಂದ ದೂರವಾದ ತೋಟದ ಮನೆಯಲ್ಲಿ ವಾಸಿಸುವವರು ಇವರಿಗೆಲ್ಲ ಈ ಯೋಚನೆ ಎಂದಾದರೊಂದು ದಿನ ಬರತಕ್ಕದ್ದೇ. ಹಾಗೆ ಬಂದಾಗ ಅವರು ಮೊದಲು ಕೇಳುವ ಪ್ರಶ್ನೆ, "ಯಾವ ರಿವಾಲ್ವರು ಒಳ್ಳೆಯದು?" ಎಂಬುದು. ನಿಜವಾಗಿ ಅದು ಮೂರನೆಯ ಪ್ರಶ್ನೆ. ಮೊದಲನೆಯದು, ಕಾನೂನು ಏನು ಹೇಳುತ್ತದೆ? ಎರಡನೆಯದು, ನನಗೆ ಅದು ಬೇಕೆ? ಈ ಎರಡಕ್ಕೂ ಉತ್ತರ ದೊರೆತ ಬಳಿಕವೇ ಅಂಗಡಿಯ ಬಾಗಿಲಿಗೆ ಹೋಗುವುದು ಯುಕ್ತ.

ನಮ್ಮ ಸೀಮೆಗೂ ಆಯುಧದ ಕಾನೂನಿಗೂ ಹಳೆಯ ನಂಟು. 1857ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ದಂಗೆಯೆದ್ದಾಗ ಕಂಪನಿಯ ಸರಕಾರವು ಜನರಿಂದ ಆಯುಧಗಳನ್ನು ಕಿತ್ತುಕೊಳ್ಳುವ ಶಾಸನವನ್ನು ಹೊರಡಿಸಿತು. ಮುಧೋಳದ ಬಳಿಯ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಅದೇ ವರ್ಷದ ನವೆಂಬರಿನಲ್ಲಿ ಹೋರಾಡಿ ಅಳಿದರು. ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಮರುವರ್ಷ ಮುಂಡರಗಿಯ ಭೀಮರಾಯನೂ ಹಮ್ಮಿಗೆಯ ಕೆಂಚನಗೌಡನೂ ಬಂಡೆದ್ದು ಕೊಪ್ಪಳದ ಕೋಟೆಯನ್ನು ಹಿಡಿದರು. ಅಡಗಿಸಿಟ್ಟಿದ್ದ ಆಯುಧಗಳು ಅಧಿಕಾರಿಗಳ ಕೈಗೆ ಸಿಕ್ಕಿದ್ದೇ ಆ ಬಂಡಾಯ ಭುಗಿಲೇಳುವುದಕ್ಕೆ ಒಂದು ಕಾರಣವಾಯಿತು. 1858ರ ಜೂನ್ 1ರಂದು ಕೋಟೆಯು ಬ್ರಿಟಿಷ್ ಪಡೆಯ ವಶವಾಯಿತು. ಭೀಮರಾಯನು ಅಲ್ಲಿಯೇ ಮಡಿದನು. ಕೊಪ್ಪಳದ ಪೇಟೆಯಲ್ಲಿ ನಿಂತು ತಲೆಯೆತ್ತಿದರೆ ಆ ಗುಡ್ಡವೂ ಗೋಡೆಯೂ ಈಗಲೂ ಕಾಣುತ್ತವೆ.

ಇನ್ನೊಂದು ನೆನಪು ಇದಕ್ಕಿಂತ ಹತ್ತಿರದ್ದು. 1947-48ರಲ್ಲಿ ಈ ಭಾಗವು ನಿಜಾಮರ ರಾಜ್ಯಕ್ಕೆ ಸೇರಿದ್ದಾಗ ರಜಾಕಾರರ ಹಾವಳಿಗೆ ಅಂಜಿ ಎಷ್ಟೋ ಹಳ್ಳಿಗಳವರು ಗಡಿ ದಾಟಿ ಗದಗಿನ ಕಡೆಗೆ ಹೋದರು. ಮುಂಡರಗಿಯಲ್ಲಿಯೂ ಗಜೇಂದ್ರಗಡದಲ್ಲಿಯೂ ಹೋರಾಟದ ಶಿಬಿರಗಳು ನಿಂತವು. ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂದಾಳಾದರು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳಿಕೆ ಮುಗಿದು ಆ ಭೀತಿ ಅಡಗಿತು. ಆಯುಧವಿಲ್ಲದವನ ಅಸಹಾಯತೆಯನ್ನೂ, ಆಯುಧವುಳ್ಳವನು ಅಂಕೆ ತಪ್ಪಿದಾಗ ಆಗುವ ಅನರ್ಥವನ್ನೂ ಒಂದೇ ತಲೆಮಾರಿನಲ್ಲಿ ಕಂಡ ಸೀಮೆ ಇದು. ಆದುದರಿಂದ ಈ ವಿಷಯದಲ್ಲಿ ನಮ್ಮ ಜನಕ್ಕೆ ಹೊರಗಿನವರು ಬಂದು ಹೇಳಿಕೊಡಬೇಕಾದ ನೀತಿಯೇನೂ ಇಲ್ಲ. ತಿಳಿದುಕೊಳ್ಳಬೇಕಾದದ್ದು ವಿವರ ಮಾತ್ರ.

ಮೊದಲು ಕಾನೂನಿನ ವಿಚಾರ. ಈಗ ಜಾರಿಯಲ್ಲಿರುವುದು 1959ರ ಆಯುಧ ಶಾಸನ. ಅದರಡಿಯಲ್ಲಿ 2016ರಲ್ಲಿ ಹೊಸ ನಿಯಮಗಳಾದವು. 2019ರಲ್ಲಿ ಶಾಸನಕ್ಕೇ ತಿದ್ದುಪಡಿಯಾಯಿತು. ಇವುಗಳ ಸಾರವಿಷ್ಟು. ಇಪ್ಪತ್ತೊಂದು ವರ್ಷ ತುಂಬಿದವನು ಮಾತ್ರ ಅರ್ಜಿ ಹಾಕಬಹುದು. ನಮ್ಮ ಜಿಲ್ಲೆಯಲ್ಲಿ ಅರ್ಜಿಯು ಜಿಲ್ಲಾಧಿಕಾರಿಗಳಿಗೆ ಹೋಗತಕ್ಕದ್ದು. ಅವರು ಪೊಲೀಸರ ವರದಿಯನ್ನು ತರಿಸಿ ನೋಡುತ್ತಾರೆ. ಪರವಾನಗಿಯ ಅವಧಿ ಐದು ವರ್ಷ. ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಕೋವಿಗಳು ಸಲ್ಲವು. ಪರವಾನಗಿಯಿಲ್ಲದೆ ಸಾಮಾನ್ಯ ಜಾತಿಯ ರಿವಾಲ್ವರನ್ನು ಇಟ್ಟುಕೊಂಡವನಿಗೆ ಎರಡರಿಂದ ಐದು ವರ್ಷದವರೆಗೆ ಸೆರೆಮನೆಯುಂಟು. ಕಂಟ್ರಿ ಪಿಸ್ತೂಲೆಂದು ಕದ್ದು ಮಾರುವ ವಸ್ತುವನ್ನು ಕೊಂಡವನು ಕಾನೂನಿನ ಕೈಗೂ ಸಿಕ್ಕುತ್ತಾನೆ. ಅದರ ನಳಿಗೆ ಯಾವಾಗ ಸಿಡಿದೀತೆಂಬ ಅಪಾಯವನ್ನೂ ತನ್ನ ಮುಂಗೈಯಲ್ಲಿಯೇ ಹಿಡಿದಿರುತ್ತಾನೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬೆಳೆಯ ರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಕೋವಿಯನ್ನೋ, ರಕ್ಷಣೆಗಾಗಿ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಯನಳಿಗೆಯ ಬಂದೂಕನ್ನೋ ಕೇಳಿದರೆ, ಅಡ್ಡಿಯಾಗುವ ಬೇರೆ ಕಾರಣವಿಲ್ಲದ ಪಕ್ಷದಲ್ಲಿ ಅಧಿಕಾರಿಯು ಪರವಾನಗಿ ಕೊಡತಕ್ಕದ್ದೆಂದು ಶಾಸನ ಹೇಳುತ್ತದೆ. ರಿವಾಲ್ವರಿನ ಸಂಗತಿ ಹಾಗಲ್ಲ. ಅದಕ್ಕೆ ಅರ್ಜಿದಾರನು ಯೋಗ್ಯವಾದ ಕಾರಣವನ್ನು ತೋರಿಸಿ ಅಧಿಕಾರಿಯನ್ನು ಒಪ್ಪಿಸಬೇಕು. ಒಕ್ಕಲಿಗನ ಉದ್ದ ಕೋವಿಯ ವಿಷಯದಲ್ಲಿ ಉದಾರವಾದ ಕಾನೂನು ಗಿಡ್ಡ ಆಯುಧದ ವಿಷಯದಲ್ಲಿ ಕೈ ಬಿಗಿಹಿಡಿಯುವುದೇಕೆ? ಉದ್ದ ಕೋವಿ ಊರವರ ಕಣ್ಣಿಗೆ ಕಾಣುತ್ತದೆ, ಗಿಡ್ಡದ್ದು ಕಾಣುವುದಿಲ್ಲ. ಕಾಣದ ಆಯುಧವನ್ನು ಯಾರು ಹೊತ್ತಿದ್ದಾರೆಂಬುದು ಸರಕಾರಕ್ಕಾದರೂ ತಿಳಿದಿರಬೇಕಲ್ಲವೆ?

ಹಾಗಾದರೆ ಮರೆಯಾಗಿ ಒಯ್ಯುವುದು ತಪ್ಪೆ? ಅಲ್ಲ, ತೆರೆದು ಒಯ್ಯುವುದೇ ತಪ್ಪು. ಅಮೆರಿಕದ ಕೆಲವು ಸಂಸ್ಥಾನಗಳಲ್ಲಿ ಆಯುಧವನ್ನು ಬಟ್ಟೆಯ ಮರೆಯಲ್ಲಿ ಒಯ್ಯುವುದಕ್ಕೆ ಪ್ರತ್ಯೇಕ ಅನುಮತಿ ಬೇಕು, ಸೊಂಟದ ಮೇಲೆ ತೆರೆದು ತೂಗಿಬಿಡುವುದಕ್ಕೆ ಬೇಕಿಲ್ಲ. ನಮ್ಮಲ್ಲಿ ಇದು ತಿರುವುಮುರುವು. 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಯಾಯುಧವನ್ನು ಅದಕ್ಕಾಗಿಯೇ ಮಾಡಿದ ಒರೆಯಲ್ಲಿಟ್ಟು ಮೈಗೆ ಕಟ್ಟಿಕೊಂಡಿರಬೇಕು, ಅಥವಾ ತಕ್ಕ ಚೀಲದಲ್ಲಿ ಇಟ್ಟಿರಬೇಕು, ಅದು ಪೂರ್ಣವಾಗಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಬೀಸಿ ತೋರಿಸುವುದೂ, ಸಂಭ್ರಮಕ್ಕಾಗಿ ಗಾಳಿಯಲ್ಲಿ ಹಾರಿಸುವುದೂ ಸಲ್ಲವು. 2019ರ ತಿದ್ದುಪಡಿಯು ಮದುವೆ, ಮೆರವಣಿಗೆಗಳಲ್ಲಿ ಹೀಗೆ ಗುಂಡು ಹಾರಿಸಿ ಪರರ ಪ್ರಾಣಕ್ಕೆ ಅಪಾಯ ತಂದವನಿಗೆ ಎರಡು ವರ್ಷದವರೆಗೆ ಸೆರೆಯನ್ನೋ, ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನೋ, ಎರಡನ್ನೋ ವಿಧಿಸಿದೆ. ಮಹಾನವಮಿಯಲ್ಲಿ ಆಯುಧಕ್ಕೆ ಅರಿಸಿನ ಕುಂಕುಮವಿಟ್ಟು ಪೂಜಿಸುವುದು ಆನೆಗುಂದಿಯ ಆಚೆದಡದ ವಿಜಯನಗರದಿಂದ ನಮಗೆ ಬಂದ ಹಿರಿಯ ಸಂಪ್ರದಾಯ. ಪೂಜೆ ಮುಗಿದ ಮೇಲೆ ಆಕಾಶಕ್ಕೆ ಗುಂಡು ಹಾರಿಸುವುದು ಮಾತ್ರ ಯಾವ ಸಂಪ್ರದಾಯಕ್ಕೂ ಸೇರಿದ್ದಲ್ಲ. ಮೇಲೇರಿದ ಗುಂಡು ಯಾರದೋ ಮಾಳಿಗೆಯ ಮೇಲೆ ಇಳಿಯಲೇಬೇಕು.

ಎರಡನೆಯ ಪ್ರಶ್ನೆ, ನನಗೆ ಬೇಕೆ? ಇದಕ್ಕೆ ಉತ್ತರ ಹೇಳುವ ಮೊದಲು, ಗುಂಡು ಹಾರಿಸುವ ಹಕ್ಕು ಎಷ್ಟರಮಟ್ಟಿನದೆಂದು ತಿಳಿಯಬೇಕು. ಹಿಂದೆ ಭಾರತೀಯ ದಂಡಸಂಹಿತೆಯಲ್ಲಿದ್ದ ಆತ್ಮರಕ್ಷಣೆಯ ವಿಧಿಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಾಗಿವೆ. ತತ್ತ್ವ ಬದಲಾಗಿಲ್ಲ. ತನ್ನ ದೇಹವನ್ನೂ ಸ್ವತ್ತನ್ನೂ, ಪರರ ದೇಹವನ್ನೂ ಸ್ವತ್ತನ್ನೂ ರಕ್ಷಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಆದರೆ ರಕ್ಷಣೆಗೆ ಎಷ್ಟು ಅವಶ್ಯವೋ ಅಷ್ಟಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದು; ಸರಕಾರದ ನೆರವನ್ನು ಪಡೆಯಲು ಸಮಯವಿದ್ದಾಗ ಆ ಹಕ್ಕು ಇಲ್ಲ. ಪ್ರಾಣಹೋಗುವ ಅಥವಾ ಭಾರಿ ಗಾಯವಾಗುವ ಭಯ ಯುಕ್ತವಾಗಿ ಹುಟ್ಟಿದಾಗ, ದರೋಡೆಯಾಗುವಾಗ, ಹೀಗೆ ಶಾಸನವು ಎಣಿಸಿ ಹೇಳಿರುವ ಸಂದರ್ಭಗಳಲ್ಲಿ ಮಾತ್ರ ಎದುರಾಳಿಯ ಪ್ರಾಣಕ್ಕೆ ಎರವಾಗುವಷ್ಟು ದೂರ ಹಕ್ಕು ಹೋಗುತ್ತದೆ. ಓಡಿಹೋಗುತ್ತಿರುವ ಜೇಬುಗಳ್ಳನ ಬೆನ್ನಿಗೆ ಗುಂಡಿಟ್ಟವನು ಆ ಹಕ್ಕಿನ ಆಸರೆಯನ್ನು ನೆಚ್ಚುವಂತಿಲ್ಲ. ಹೊಲದ ಬದುವಿನ ಜಗಳಕ್ಕೆ ರಿವಾಲ್ವರು ತೆಗೆದವನ ಸ್ಥಿತಿ ಇನ್ನೂ ಕಷ್ಟ.

ಮೃಗಗಳ ಭಯವೂ ನಮ್ಮಲ್ಲಿ ಸುಳ್ಳಲ್ಲ. ಆನೆಗುಂದಿಯ ಸುತ್ತಲ ಬೆಟ್ಟಗಳಲ್ಲಿ ಚಿರತೆಗಳಿವೆ, ಕರಡಿಗಳಿವೆ; 2020ರಲ್ಲಿ ಅಲ್ಲಿ ಚಿರತೆಯಿಂದ ಮನುಷ್ಯನ ಪ್ರಾಣಹಾನಿಯೂ ಆಯಿತು. ಆದರೆ ಮೈಮೇಲೆ ಎರಗಿದ ಚಿರತೆಗೆ ಸಣ್ಣ ರಿವಾಲ್ವರು ಸಮನಾದ ಉತ್ತರವಲ್ಲ. ಗಾಯಗೊಂಡ ಮೃಗ ಗಾಯವಿಲ್ಲದ ಮೃಗಕ್ಕಿಂತ ಅಪಾಯಕಾರಿ. 1972ರ ವನ್ಯಜೀವಿ ಶಾಸನವು ನಿಜವಾದ ಪ್ರಾಣರಕ್ಷಣೆಗಾಗಿ ಮೃಗವನ್ನು ಕೊಂದದ್ದನ್ನು ಅಪರಾಧವೆನ್ನುವುದಿಲ್ಲ; ಹಾಗೆಂದು ಹುಡುಕಿಕೊಂಡು ಹೋಗಿ ಹೊಡೆದುದನ್ನು ಕ್ಷಮಿಸುವುದೂ ಇಲ್ಲ. ಬೆಟ್ಟದ ಬದಿಯ ಹಾದಿಯಲ್ಲಿ ಇರುಳು ನಡೆಯುವವನಿಗೆ ಒಳ್ಳೆಯ ದೀಪವೂ ಜೊತೆಗಾರನೂ ರಿವಾಲ್ವರಿಗಿಂತ ಹೆಚ್ಚಿನ ರಕ್ಷೆ.

ಈ ಎರಡು ಬಾಗಿಲುಗಳನ್ನು ದಾಟಿ ಬಂದವರಿಗೆ ಇನ್ನು ಯಂತ್ರದ ವಿಚಾರ. ರಿವಾಲ್ವರೆಂದರೆ ಸುತ್ತುವ ಉರುಳೆಯುಳ್ಳ ಕೈಕೋವಿ. ಉರುಳೆಯಲ್ಲಿ ಐದೋ ಆರೋ ಗೂಡುಗಳು. ಒಂದೊಂದು ಗೂಡಿಗೆ ಒಂದೊಂದು ತೋಟಾ. ಟ್ರಿಗರನ್ನು ಎಳೆದಾಗ ಉರುಳೆ ಒಂದು ಗೂಡಿನಷ್ಟು ತಿರುಗಿ ಹೊಸ ತೋಟಾ ನಳಿಗೆಯ ನೇರಕ್ಕೆ ನಿಲ್ಲುತ್ತದೆ. ಸುತ್ತಿಗೆ ಹಿಂದೆ ಸರಿದು ಮುಂದೆ ಬಡಿಯುತ್ತದೆ. ಮದ್ದು ಹೊತ್ತಿ ಗುಂಡು ಹೊರಡುತ್ತದೆ. ಈ ವಿಧಾನಕ್ಕೆ ಅಮೆರಿಕದ ಸ್ಯಾಮ್ಯುಅಲ್ ಕೋಲ್ಟನು 1836ರಲ್ಲಿ ತನ್ನ ದೇಶದಲ್ಲಿ ಹಕ್ಕುಪತ್ರ ಪಡೆದನು. ಅವನ ಆಯುಧದಲ್ಲಿ ಪ್ರತಿಸಲವೂ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎಳೆಯಬೇಕಾಗಿತ್ತು. 1851ರಲ್ಲಿ ಲಂಡನ್ನಿನ ರಾಬರ್ಟ್ ಆಡಮ್ಸನು ಟ್ರಿಗರನ್ನು ಎಳೆದಷ್ಟಕ್ಕೇ ಸುತ್ತಿಗೆಯೂ ಎದ್ದು ಬೀಳುವಂತೆ ಮಾಡಿದನು. 1857-58ರ ಕದನಗಳಲ್ಲಿ ಬ್ರಿಟಿಷ್ ಅಧಿಕಾರಿಗಳು ಈ ಎರಡು ಜಾತಿಯ ರಿವಾಲ್ವರುಗಳನ್ನೂ ಬಳಸಿದರು. ಒಂದು ಗುಂಡಿಗೆ ಒಂದು ಸಲ ಮದ್ದು ತುಂಬುವ ಕೋವಿಯವನ ಎದುರಿಗೆ ಒಂದೇ ಉಸಿರಿನಲ್ಲಿ ಐದಾರು ಗುಂಡು ಹಾರಿಸುವವನು ನಿಂತರೆ ಕಾಳಗದ ಗತಿಯೇನೆಂಬುದನ್ನು ಊಹಿಸಿಕೊಳ್ಳಬಹುದು.

ಪಿಸ್ತೂಲು ಬೇರೆ ಜಾತಿಯದು. ಅದರ ತೋಟಾಗಳು ಹಿಡಿಯೊಳಗಣ ಪೆಟ್ಟಿಗೆಯಲ್ಲಿರುತ್ತವೆ. ಒಂದು ಗುಂಡು ಹಾರಿದೊಡನೆ ಅದರ ಬಲದಿಂದಲೇ ಮುಂದಿನದು ಏರುತ್ತದೆ. ಅದು ಚಪ್ಪಟೆ, ಹೆಚ್ಚು ತೋಟಾ ಹಿಡಿಯುತ್ತದೆ, ಬಟ್ಟೆಯ ಮರೆಗೆ ಅನುಕೂಲ. ರಿವಾಲ್ವರಾದರೋ ಉರುಳೆಯ ಬಳಿ ಉಬ್ಬಿರುತ್ತದೆ. ಆದರೂ ಹೊಸಬನಿಗೆ ರಿವಾಲ್ವರನ್ನೇ ಹೇಳುವುದಕ್ಕೆ ಕಾರಣಗಳಿವೆ. ಒಂದು ತೋಟಾ ಹೊತ್ತದಿದ್ದರೆ ಮತ್ತೊಮ್ಮೆ ಟ್ರಿಗರು ಎಳೆದರೆ ಸಾಕು, ಉರುಳೆ ಬೇರೆ ತೋಟಾವನ್ನು ತಂದು ನಿಲ್ಲಿಸುತ್ತದೆ. ಪಿಸ್ತೂಲು ಸಿಕ್ಕಿಕೊಂಡರೆ ಎರಡು ಕೈಗಳಿಂದಲೂ ಬಿಡಿಸಬೇಕು. ಇನ್ನೊಂದು, ರಿವಾಲ್ವರು ತುಂಬಿದೆಯೋ ಖಾಲಿಯೋ ಎಂಬುದು ಉರುಳೆಯನ್ನು ತೆರೆದರೆ ನೇರವಾಗಿ ಕಾಣುತ್ತದೆ. ಪಿಸ್ತೂಲಿನ ಪೆಟ್ಟಿಗೆಯನ್ನು ತೆಗೆದ ಮೇಲೂ ನಳಿಗೆಯಲ್ಲಿ ಒಂದು ತೋಟಾ ಉಳಿದಿರಬಹುದು. "ಖಾಲಿ" ಎಂದುಕೊಂಡ ಪಿಸ್ತೂಲಿನಿಂದ ಲೋಕದಲ್ಲಿ ಎಷ್ಟೋ ಪ್ರಾಣಗಳು ಹೋಗಿವೆ.

ಗುಂಡಿನ ಅಳತೆಯ ವಿಷಯದಲ್ಲಿ ನಮ್ಮ ದೇಶದಲ್ಲಿ ಆಯ್ಕೆ ಕಿರಿದು. ಸೈನ್ಯದಲ್ಲಿ ಬಳಸುವ 9 ಮಿಲಿಮೀಟರಿನಂಥ ಅಳತೆಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ನಾಗರಿಕರ ರಿವಾಲ್ವರುಗಳು ಬಹುಮಟ್ಟಿಗೆ .32 ಅಳತೆಯವು, ಅಂದರೆ ನಳಿಗೆಯ ಒಳವ್ಯಾಸ ಒಂದು ಅಂಗುಲದ ನೂರರಲ್ಲಿ ಸುಮಾರು 32 ಪಾಲು. ಈ ಜಾತಿಯ ತೋಟಾದ ಗುಂಡು ಸಾಮಾನ್ಯವಾಗಿ ಆರೂವರೆ ಗ್ರಾಮಿಗೆ ತುಸು ಕಡಿಮೆ ತೂಗುತ್ತದೆ. ಸೆಕೆಂಡಿಗೆ 200 ಮೀಟರಿಗಿಂತ ತುಸು ಹೆಚ್ಚಿನ ವೇಗದಲ್ಲಿ ಹೊರಡುತ್ತದೆ. 9 ಮಿಲಿಮೀಟರಿನ ಗುಂಡಿಗಿರುವ ಶಕ್ತಿಯಲ್ಲಿ ಇದಕ್ಕಿರುವುದು ಮೂರನೆಯ ಒಂದು ಪಾಲಿನಷ್ಟು. ಹಾಗೆಂದು ಇದು ಆಟಿಕೆಯಲ್ಲ; ಮರ್ಮಸ್ಥಾನಕ್ಕೆ ತಗುಲಿದರೆ ಪ್ರಾಣ ಹೋಗತಕ್ಕದ್ದೇ. ಶಕ್ತಿ ಕಡಿಮೆಯಾದ ಮಾತ್ರಕ್ಕೆ ಹೊಣೆ ಕಡಿಮೆಯಾಗುವುದಿಲ್ಲ.

ನಮ್ಮ ದೇಶದಲ್ಲಿಯೇ ತಯಾರಾದ ಎರಡು ರಿವಾಲ್ವರುಗಳನ್ನು ಹೋಲಿಸಿ ನೋಡೋಣ. 2014ರ ಜನವರಿಯಲ್ಲಿ ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆಯು 'ನಿರ್ಭೀಕ್' ಎಂಬ ರಿವಾಲ್ವರನ್ನು ಹೊರತಂದಿತು. ದಿಲ್ಲಿಯಲ್ಲಿ 2012ರ ಡಿಸೆಂಬರಿನಲ್ಲಿ ನಡೆದ ಘೋರಕೃತ್ಯದ ತರುವಾಯ, ಹೆಂಗಸರ ಕೈಚೀಲಕ್ಕೆ ಒಗ್ಗುವ ಆಯುಧವೆಂದು ಇದನ್ನು ಪ್ರಚಾರಮಾಡಿದರು. ಟೈಟೇನಿಯಂ ಮಿಶ್ರಲೋಹ ಸೇರಿದ್ದರಿಂದ ತೂಕ ಸುಮಾರು 500 ಗ್ರಾಂ ಮಾತ್ರ. ಬೆಲೆ ಆಗ 1,22,360 ರೂಪಾಯಿ. 2023ರ ಆಗಸ್ಟಿನಲ್ಲಿ ಕಾನ್ಪುರದ ಸರಕಾರಿ ಸಂಸ್ಥೆಯಾದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ 'ಪ್ರಬಲ್' ಎಂಬುದನ್ನು ಪ್ರಕಟಿಸಿತು. ಇದೂ .32 ಅಳತೆಯದೇ, ತೋಟಾ ತುಂಬದಿರುವಾಗ ತೂಕ 675 ಗ್ರಾಂ, ನಳಿಗೆಯ ಉದ್ದ 76 ಮಿಲಿಮೀಟರ್, ಒಟ್ಟು ಉದ್ದ ಸುಮಾರು 178 ಮಿಲಿಮೀಟರ್. ಅದರ ಉರುಳೆ ಪಕ್ಕಕ್ಕೆ ಹೊರಳಿ ತೆರೆದುಕೊಳ್ಳುತ್ತದೆ. ಹಳೆಯ ವೆಬ್ಲಿ ಮಾದರಿಯವು ನಡು ಮುರಿದಂತೆ ಕೆಳಕ್ಕೆ ಬಾಗಿ ತೆರೆಯುತ್ತಿದ್ದವು.

ಹೊತ್ತು ತಿರುಗುವವನು ಹಗುರವಾದದ್ದನ್ನೇ ಮೆಚ್ಚುತ್ತಾನೆ. ಆದರೆ ಪ್ರಕೃತಿಯ ಲೆಕ್ಕದಲ್ಲಿ ಯಾವುದೂ ಪುಕ್ಕಟೆಯಲ್ಲ. ಗುಂಡು ಮುಂದಕ್ಕೆ ಹೋದಷ್ಟೇ ಒತ್ತಾಸೆಯಿಂದ ಆಯುಧ ಹಿಂದಕ್ಕೆ ಒದೆಯುತ್ತದೆಂಬುದು ನ್ಯೂಟನ್ನನ ನಿಯಮ. ಒಂದೇ ಬಗೆಯ ತೋಟಾವನ್ನು 500 ಗ್ರಾಮಿನ ಆಯುಧದಲ್ಲಿಯೂ 675 ಗ್ರಾಮಿನ ಆಯುಧದಲ್ಲಿಯೂ ಹಾರಿಸಿದರೆ, ಹಗುರವಾದದ್ದು ಅಂಗೈಗೆ ಕೊಡುವ ಒದೆತದ ಶಕ್ತಿ ನೂರಕ್ಕೆ ಸುಮಾರು 35ರಷ್ಟು ಹೆಚ್ಚು. ಒದೆತ ಹೆಚ್ಚಾದರೆ ಎರಡನೆಯ ಗುಂಡಿಗೆ ಗುರಿ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೊಸಬನು ಒದೆತಕ್ಕೆ ಅಂಜಿ ಅಭ್ಯಾಸವನ್ನೇ ಬಿಡುತ್ತಾನೆ. ಆದುದರಿಂದ ಆರಿಸುವ ಸೂತ್ರ ಇದು: ಹೊರಲು ಸಾಧ್ಯವಾಗುವವುಗಳಲ್ಲಿ ಹಗುರವಾದದ್ದಲ್ಲ, ಭಾರವಾದದ್ದು.

ನಳಿಗೆಯ ಉದ್ದಕ್ಕೂ ಇಂಥದೇ ಲೆಕ್ಕ. ಗುರಿಯಿಡುವ ಮುಂದಿನ ಮೊನೆಗೂ ಹಿಂದಿನ ಕಚ್ಚಿಗೂ ನಡುವೆ 100 ಮಿಲಿಮೀಟರ್ ಅಂತರವಿದೆಯೆನ್ನಿ. ಮೊನೆಯು ಒಂದೇ ಒಂದು ಮಿಲಿಮೀಟರ್ ಓರೆಯಾದರೆ, ಏಳು ಮೀಟರಿನಾಚೆ ಗುಂಡು 70 ಮಿಲಿಮೀಟರಿನಷ್ಟು ಪಕ್ಕಕ್ಕೆ ಬೀಳುತ್ತದೆ. ಅಂತರ 150 ಮಿಲಿಮೀಟರಾದರೆ ಅದೇ ತಪ್ಪಿಗೆ 47 ಮಿಲಿಮೀಟರ್ ಮಾತ್ರ. ಗಿಡ್ಡ ಆಯುಧ ಮರೆಗೆ ಒಳ್ಳೆಯದು, ಗುರಿಗೆ ಕೆಟ್ಟದ್ದು. 50 ಮೀಟರ್ ದೂರ ಹೊಡೆಯುತ್ತದೆಂದು ಮಾರುವವರು ಹೇಳಿದರೆ, ಅದು ಆಯುಧದ ಅಳವು. ಹಿಡಿದವನ ಅಳವು ಅದರ ಹತ್ತರಲ್ಲೊಂದು ಪಾಲಾದರೂ ಇದೆಯೇ ಎಂದು ತನ್ನನ್ನೇ ಕೇಳಿಕೊಳ್ಳಬೇಕು.

ಹಿಡಿಯನ್ನು ಅಂಗೈಯಲ್ಲಿ ಹಿಡಿದು ನೋಡದೆ ಕೊಳ್ಳಕೂಡದು. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ಸಹಜವಾಗಿ ಕೂರಬೇಕು. ಸುತ್ತಿಗೆಯನ್ನು ಮೊದಲೇ ಎಳೆದಿಟ್ಟರೆ ಟ್ರಿಗರು ಹಗುರ. ಹಾಗೆಯೇ ಎಳೆದರೆ ಅದರ ಎರಡುಮೂರು ಪಟ್ಟು ಬಿಗಿ. ಈ ಬಿಗಿಯೇ ರಿವಾಲ್ವರಿನ ರಕ್ಷಾಕವಚ. ಸುತ್ತಿಗೆ ಎಳೆದಿಟ್ಟ ರಿವಾಲ್ವರನ್ನು ಒರೆಯಲ್ಲಿಡುವುದು ಬಿಚ್ಚುಗತ್ತಿಯನ್ನು ಬಗಲಲ್ಲಿಟ್ಟುಕೊಂಡಂತೆ. ಸುತ್ತಿಗೆಯ ಮೊನೆ ಬಟ್ಟೆಗೆ ಸಿಕ್ಕಿಕೊಳ್ಳದಂತೆ ಅದನ್ನು ಒಳಗೇ ಅಡಗಿಸಿದ ಮಾದರಿಗಳನ್ನು 1887ರಷ್ಟು ಹಿಂದೆಯೇ ಸ್ಮಿತ್ ಅಂಡ್ ವೆಸನ್ ಸಂಸ್ಥೆ ತಯಾರಿಸಿತ್ತು. ಇನ್ನು, ಅಜ್ಜನ ಕಾಲದ ರಿವಾಲ್ವರು ಉತ್ತರಾಧಿಕಾರದಿಂದ ಬಂದಿದ್ದರೆ ವಿಶೇಷ ಎಚ್ಚರ ಬೇಕು. ಹಳೆಯ ಮಾದರಿಗಳಲ್ಲಿ ಅನೇಕಕ್ಕೆ ಸುತ್ತಿಗೆಯನ್ನು ತಡೆದು ನಿಲ್ಲಿಸುವ ಸಾಧನವಿರುವುದಿಲ್ಲ. ನೆಲಕ್ಕೆ ಬಿದ್ದರೆ ಸಾಕು, ಗುಂಡು ಹಾರೀತು. ಅಂಥದನ್ನು ಬಲ್ಲವರು ಸುತ್ತಿಗೆಯ ಕೆಳಗಿನ ಗೂಡನ್ನು ಖಾಲಿಬಿಟ್ಟು ಒಯ್ಯುತ್ತಿದ್ದರು. ಪರವಾನಗಿಯುಳ್ಳ ಕುಶಲನಿಗೆ ತೋರಿಸದೆ ಅದನ್ನು ತುಂಬಲೇಬಾರದು. ಇದಲ್ಲದೆ ಹಳತಾಗಲಿ ಹೊಸತಾಗಲಿ, ಉರುಳೆಗೂ ನಳಿಗೆಗೂ ನಡುವಿನ ಸಂದಿನಿಂದ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮುತ್ತದೆ, ಬೆರಳನ್ನು ಅಲ್ಲಿಡಕೂಡದು.

ಒರೆಯ ವಿಷಯವನ್ನು ಜನರು ಅಲ್ಪವೆಂದೆಣಿಸುವುದುಂಟು. ಆಯುಧಕ್ಕೆ ಲಕ್ಷ ಸುರಿದು ಒರೆಗೆ ನೂರು ರೂಪಾಯಿ ಕೊಡಲು ಹಿಂಜರಿಯುವವರಿದ್ದಾರೆ. ಟ್ರಿಗರು ಪೂರ್ಣ ಮುಚ್ಚುವಂಥ, ಆಕಾರ ಕೆಡದ ಗಟ್ಟಿ ಒರೆ ಬೇಕು. ಬಗ್ಗಿದಾಗಲೂ ಓಡಿದಾಗಲೂ ಆಯುಧ ಜಾರಬಾರದು. ಜುಬ್ಬದ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆಗಳೊಡನೆ ಇಡುವುದು ಆತ್ಮರಕ್ಷಣೆಯಲ್ಲ, ಆತ್ಮಘಾತ. ಕೈಚೀಲದಲ್ಲಿಟ್ಟರೆ ಚೀಲ ಕಸಿದವನು ಆಯುಧವನ್ನೂ ಕಸಿದನೆಂದೇ ಅರ್ಥ. ಬಸ್ಸಿನ ನೂಕುನುಗ್ಗಲಿನಲ್ಲಿ, ಗವಿಮಠದ ಜಾತ್ರೆಯ ಜನಸಂದಣಿಯಲ್ಲಿ, ಒರೆಯ ಮೇಲೆ ಮನಸ್ಸಿಟ್ಟುಕೊಂಡೇ ಇರಬೇಕಾದವನಿಗೆ ತೇರಿನ ಸಂತೋಷವೆಲ್ಲಿ ಉಳಿಯಿತು? ಅಂಥ ದಿನ ಅದನ್ನು ಮನೆಯ ತಿಜೋರಿಯಲ್ಲಿಟ್ಟು ಬರುವುದೇ ಮೇಲು.

ಮನೆಯಲ್ಲಿ ಇಡುವ ಪ್ರಶ್ನೆಯೇ ಎಲ್ಲಕ್ಕಿಂತ ಗಹನವಾದದ್ದು. ದಾರಿಯಲ್ಲಿ ಕಳ್ಳನು ಎದುರಾಗುವುದು ಬಾಳಿನಲ್ಲಿ ಒಮ್ಮೆ, ಅಥವಾ ಎಂದೂ ಇಲ್ಲ. ಆಯುಧವಾದರೋ ವರ್ಷದ 365 ದಿನವೂ ಮನೆಯಲ್ಲಿರುತ್ತದೆ. ಮಕ್ಕಳೊಡನೆ, ಸಿಟ್ಟಿನೊಡನೆ, ದುಃಖದೊಡನೆ ಒಂದೇ ಸೂರಿನಡಿಯಲ್ಲಿರುತ್ತದೆ. ಅಮೆರಿಕದ ವೈದ್ಯ ಆರ್ಥರ್ ಕೆಲ್ಲರ್ಮನ್ನರೂ ಸಂಗಡಿಗರೂ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂದೂಕಿದ್ದ ಮನೆಗಳಲ್ಲಿ ಕೊಲೆಗೀಡಾಗುವ ಸಂಭವ ಇಲ್ಲದ ಮನೆಗಳಿಗಿಂತ 2.7 ಪಟ್ಟು ಹೆಚ್ಚಿತ್ತು. ಅವರ 1992ರ ಅಧ್ಯಯನದಲ್ಲಿ ಆತ್ಮಹತ್ಯೆಯ ಸಂಭವ 4.8 ಪಟ್ಟು ಹೆಚ್ಚಿತ್ತು. ಅಪಾಯವಿದ್ದವರೇ ಬಂದೂಕನ್ನು ಕೊಂಡಿರಬಹುದೆಂಬ ಆಕ್ಷೇಪಣೆಗೆ ಅವಕಾಶವಿದೆ. ಆ ದೇಶದ ಸ್ಥಿತಿ ನಮ್ಮದಲ್ಲವೆಂಬುದೂ ನಿಜ. ಆದರೂ ಅಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೈಯಿಂದಲೇ ಸಾಯುತ್ತಾರೆಂಬ ಸಂಗತಿಯನ್ನು ಯಾರೂ ಅಲ್ಲಗಳೆದಿಲ್ಲ. ಮನಸ್ಸು ಕದಡಿದ ಒಂದು ಗಳಿಗೆ ಕಳೆದರೆ ಬಹಳ ಮಂದಿ ಬದುಕಿಕೊಳ್ಳುತ್ತಾರೆ. ಆ ಗಳಿಗೆಯಲ್ಲಿ ಕೈಗೆಟುಕುವ ರಿವಾಲ್ವರು ಅದನ್ನು ಕಳೆಯಗೊಡುವುದಿಲ್ಲ. ಮಳೆ ತಪ್ಪಿದ ವರ್ಷ, ಸಾಲ ಏರಿದ ವರ್ಷ ಯಲಬುರ್ಗಾ, ಕುಷ್ಟಗಿಗಳ ಎರೆಹೊಲದ ಮನೆಗಳಲ್ಲಿ ಎಂಥ ಇರುಳುಗಳು ಕಳೆಯುತ್ತವೆಂಬುದನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದದ್ದಿಲ್ಲ.

ಆದುದರಿಂದ ಇಟ್ಟುಕೊಳ್ಳುವವನು ಕೆಲವು ನಿಯಮಗಳನ್ನು ವ್ರತದಂತೆ ಪಾಲಿಸತಕ್ಕದ್ದು. ಗೋಡೆಗೋ ನೆಲಕ್ಕೋ ಬಿಗಿದ ಉಕ್ಕಿನ ಪೆಟ್ಟಿಗೆಯಲ್ಲಿ ಆಯುಧ. ಬೇರೊಂದು ಬೀಗದಲ್ಲಿ ತೋಟಾ. ಬೀಗದ ಕೈ ಒಬ್ಬನ ಬಳಿಯಲ್ಲಿಯೇ. ಮನೆಯಲ್ಲಿ ಯಾರಿಗಾದರೂ ಮನೋವ್ಯಥೆ ತೀವ್ರವಾದರೆ, ಕುಡಿತ ಹತ್ತಿದರೆ, ಆ ಕಾಲಕ್ಕೆ ಆಯುಧವನ್ನು ಪರವಾನಗಿಯುಳ್ಳ ಅಂಗಡಿಯಲ್ಲಿಯೋ ಪೊಲೀಸು ಠಾಣೆಯಲ್ಲಿಯೋ ರಸೀದಿ ಪಡೆದು ಒಪ್ಪಿಸಿಬಿಡಬೇಕು. ಪ್ರತಿಯೊಂದು ಕೋವಿಯನ್ನೂ ತುಂಬಿದೆಯೆಂದೇ ಭಾವಿಸಬೇಕು. ಹೊಡೆಯಲು ಇಷ್ಟವಿಲ್ಲದ ಯಾವುದರ ಕಡೆಗೂ ನಳಿಗೆಯನ್ನು ತಿರುಗಿಸಬಾರದು. ಗುರಿ ನಿಂತ ಹೊರತು ಬೆರಳು ಟ್ರಿಗರಿಗೆ ಹೋಗಬಾರದು. ಗುರಿಯ ಹಿಂದೆ ಏನಿದೆಯೆಂದು ತಿಳಿದಿರಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ನಮ್ಮ ಹಿರಿಯರು. ಗುಂಡು ಹಾರಿದರೂ ಹಾಗೆಯೇ.

ಅಭ್ಯಾಸವಿಲ್ಲದ ಆಯುಧವು ಹೊತ್ತವನಿಗೆ ಧೈರ್ಯವನ್ನು ಕೊಡುತ್ತದೆ, ಸಾಮರ್ಥ್ಯವನ್ನು ಕೊಡುವುದಿಲ್ಲ. ಈ ಎರಡರ ನಡುವಣ ಕಂದಕದಲ್ಲಿಯೇ ಅಪಘಾತಗಳು ಹುಟ್ಟುತ್ತವೆ. ತೋಟಾ ಎಷ್ಟು ಕೊಳ್ಳಬಹುದೆಂಬುದು ಪರವಾನಗಿಯಲ್ಲಿಯೇ ಬರೆದಿರುತ್ತದೆ. ಗುರಿ ಕಲಿಸುವ ಅಂಗೀಕೃತ ಸ್ಥಳಕ್ಕೆ ವರ್ಷದಲ್ಲಿ ಕೆಲವು ದಿನವಾದರೂ ಹೋಗಲಾರದವನು ಆಯುಧದ ಆಸೆಯನ್ನು ಬಿಡುವುದು ಲೇಸು. ಇನ್ನೊಂದನ್ನೂ ನೆನಪಿಡಬೇಕು: ಚುನಾವಣೆಯ ಕಾಲದಲ್ಲಿ ಜಿಲ್ಲೆಯ ಸಮಿತಿಯು ಪರಿಶೀಲಿಸಿ ಯಾರು ಯಾರು ಆಯುಧ ಒಪ್ಪಿಸಬೇಕೆಂದು ನಿರ್ಣಯಿಸುತ್ತದೆ. ಹಾಗಾಗಿ ರಕ್ಷಣೆಯ ಭಾರವನ್ನೆಲ್ಲ ಅದೊಂದರ ಮೇಲೆಯೇ ಹೊರಿಸಿದವನು ಆ ದಿನಗಳಲ್ಲಿ ಬರಿಗೈಯವನಾದಾನು.

ಹಾಗಾದರೆ ಗಂಗಾವತಿಯ ವ್ಯಾಪಾರಿಗೆ ಕೊಡತಕ್ಕ ಸಲಹೆಯೇನು? ಮೊದಲು ಕೈಯಲ್ಲಿ ಹಣ ಸಾಗಿಸುವುದನ್ನು ಕಡಿಮೆಮಾಡಿ ಬ್ಯಾಂಕಿನ ಮೂಲಕ ವ್ಯವಹರಿಸಲಿ. ಸಾಗಿಸಲೇಬೇಕಾದರೆ ಹೊತ್ತನ್ನೂ ಹಾದಿಯನ್ನೂ ಬದಲಿಸಲಿ, ಜೊತೆಗೊಬ್ಬ ನಂಬಿಗಸ್ತನಿರಲಿ, 112 ಎಂಬ ತುರ್ತಿನ ಸಂಖ್ಯೆ ಬೆರಳ ತುದಿಯಲ್ಲಿರಲಿ. ಕೇಳಿದವನಿಗೆ ಹಣದ ಚೀಲವನ್ನು ಕೊಟ್ಟು ಜೀವ ಉಳಿಸಿಕೊಳ್ಳುವುದು ಹೇಡಿತನವಲ್ಲ. ಅಕ್ಕಿ ಮತ್ತೆ ಬೆಳೆಯುತ್ತದೆ. ಇಷ್ಟಾದ ಮೇಲೂ ಪ್ರಾಣಭಯ ನಿಜವಾಗಿ ಉಳಿದಿದ್ದರೆ, ಪೊಲೀಸರಿಗೆ ತಿಳಿಸಿದ ದಾಖಲೆಯೊಡನೆ ಅರ್ಜಿ ಹಾಕಲಿ. ಪರವಾನಗಿ ಬಂದ ಮೇಲೆ ಕೈಗೆ ಒಗ್ಗುವ, ತೀರ ಹಗುರವಲ್ಲದ, ಸುತ್ತಿಗೆಗೆ ತಡೆಯುಳ್ಳ, .32 ಅಳತೆಯ ಹೊಸ ರಿವಾಲ್ವರನ್ನು ಆರಿಸಲಿ; ಅದರೊಡನೆ ಒಳ್ಳೆಯ ಒರೆಯನ್ನೂ ಉಕ್ಕಿನ ಪೆಟ್ಟಿಗೆಯನ್ನೂ ಕೊಳ್ಳಲಿ. ಈ ಮೂರಕ್ಕೂ ಹಣ ಸಾಲದಿದ್ದರೆ ಮೊದಲನೆಯದನ್ನು ಬಿಡಲಿ.

ಹಲಗಲಿಯವರೂ ಮುಂಡರಗಿಯ ಭೀಮರಾಯನೂ ಆಯುಧವನ್ನು ಮಾನದ ಕುರುಹೆಂದು ತಿಳಿದರು. ಅವರಿಂದ ಅದನ್ನು ಕಿತ್ತುಕೊಳ್ಳಲು ಬಂದದ್ದು ಪರರ ಸರಕಾರ. ಇಂದು ಪರವಾನಗಿ ಕೊಡುವುದೂ ಹಿಂದಕ್ಕೆ ಪಡೆಯುವುದೂ ನಾವೇ ಆರಿಸಿದ ಸರಕಾರ ಮಾಡಿದ ಕಾನೂನಿನಿಂದ. ಆದುದರಿಂದ ಇಂದಿನ ಆಯುಧಧಾರಿಯ ಮಾನವು ಆಯುಧವನ್ನು ತೋರಿಸುವುದರಲ್ಲಿಲ್ಲ, ಅದು ತನ್ನಲ್ಲಿದೆಯೆಂದು ನೆರೆಯವನಿಗೂ ತಿಳಿಯದಂತೆ ಬಾಳುವುದರಲ್ಲಿದೆ. ಐದು ವರ್ಷ ತುಂಬಿ ಪರವಾನಗಿಯನ್ನು ನವೀಕರಿಸಲು ಕಚೇರಿಯ ಮೆಟ್ಟಿಲೇರುವಾಗ ಒಂದು ಗುಂಡೂ ಒರೆಯಿಂದ ಹೊರಬಂದು ಹಾರಿಲ್ಲವೆಂದು ಹೇಳಬಲ್ಲವನೇ, ನನ್ನ ದೃಷ್ಟಿಯಲ್ಲಿ, ರಿವಾಲ್ವರನ್ನು ಸರಿಯಾಗಿ ಆರಿಸಿಕೊಂಡವನು.